ಮಣ್ಣು ತಜ್ಞೆ ಜೊತೆ ಪ್ರಶ್ನೋತ್ತರ: ಹೊಲದ ಸಾರಜನಕ

ಮಣ್ಣು ತಜ್ಞೆ: ಎಲ್ಲರಿಗೂ ನಮಸ್ಕಾರ. ಗುಂಪಿನಲ್ಲಿ ಇವತ್ತು ಸಾರಜನಕದ ಬಗ್ಗೆ ಕೇಳಿ. ಬೆಳೆ, ಮಣ್ಣು, ನೀರು ಹೇಗಿದೆ ಅಂತಲೂ ಬರೆಯಿರಿ.

ಚಳ್ಳಕೆರೆ: ಮೇಡಂ, ಶೇಂಗಾ ಗಿಡ ಕಿತ್ತು ನೋಡಿದೆ. ಬೇರಿನ ತುಂಬ ಗಂಟು. ರೋಗನಾ?

ಮಣ್ಣು ತಜ್ಞೆ: ಗಂಟನ್ನು ಬೆರಳಲ್ಲಿ ಉಜ್ಜಿ. ಸುಲಭವಾಗಿ ಕಳಚಿದರೆ ಅದು ರೈಜೋಬಿಯಂ ಗಂಟು. ಉಗುರಲ್ಲಿ ಸೀಳಿ ನೋಡಿ. ಒಳಗೆ ಕೆಂಪಗಿದ್ದರೆ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತಿದೆ ಅಂತ ಅರ್ಥ. ಅಂಥ ಹೊಲಕ್ಕೆ ಯೂರಿಯಾ ಸುರಿಯಬೇಡಿ. ಸುರಿದರೆ ಗಂಟಿನ ಕೆಲಸ ಕುಂಠಿತವಾಗುತ್ತದೆ. ಕಳಚದೆ ಬೇರೇ ಊದಿಕೊಂಡಿದ್ದರೆ ನೆಮಟೋಡ್ (ಬೇರಿಗೆ ಬೀಳುವ ಕಣ್ಣಿಗೆ ಕಾಣದ ಹುಳ) ಇರಬಹುದು, ಫೋಟೋ ಹಾಕಿ.

ಹೊನ್ನಾಳಿ: ಮೆಕ್ಕೆಜೋಳಕ್ಕೆ ಎಕರೆಗೆ ಯೂರಿಯಾ ಎಷ್ಟು ಚೀಲ?

ಮಣ್ಣು ತಜ್ಞೆ: ಮಣ್ಣು ಪರೀಕ್ಷೆ ವರದಿ ಹಾಕಿ, ನೋಡಿ ಹೇಳುತ್ತೇನೆ.

ದಾವಣಗೆರೆ: ಹೋದ ಬೆಳೆಯ ದಂಟಿಗೆ ರೋಟವೇಟರ್ ಹೊಡೆಸಿ, ಅದರ ಮೇಲೇ ಮೆಕ್ಕೆಜೋಳ ಬಿತ್ತಿದೆ. ಪೈರು ಹಳದಿ ಆಗ್ತಿದೆ.

ಮಣ್ಣು ತಜ್ಞೆ: ಕೆಳಗಿನ ಎಲೆನಾ? ತುದಿಯಿಂದ ನಡುನರದ ಗುಂಟ ಒಳಕ್ಕೆ ಬರ್ತಿದೆಯಾ?

ದಾವಣಗೆರೆ: ಹೌದು ಮೇಡಂ, ಹಾಗೇ ಇದೆ.

ಮಣ್ಣು ತಜ್ಞೆ: ಹಾಗಾದರೆ ಸಾರಜನಕದ ಕೊರತೆ. ಒಣದಂಟಿನಲ್ಲಿ ಇಂಗಾಲ ಜಾಸ್ತಿ, ಸಾರಜನಕ ತೀರಾ ಕಡಿಮೆ. ಅದನ್ನು ಕೊಳೆಸುವ ಶಿಲೀಂಧ್ರ, ಬ್ಯಾಕ್ಟೀರಿಯಾಗಳು ತಮಗೆ ಸಾಲದ್ದನ್ನು ಮಣ್ಣಿನಿಂದ ಎಳೆದುಕೊಳ್ಳುತ್ತವೆ. ಅವು ಸತ್ತ ಮೇಲೆ ಅದು ಮಣ್ಣಿಗೇ ವಾಪಸ್ ಬರುತ್ತದೆ. ಆದರೆ ಪೈರು ಅಲ್ಲಿಯವರೆಗೆ ಕಾಯುವುದಿಲ್ಲ. ತೇವ ಇರುವಾಗ ಮೇಲುಗೊಬ್ಬರ ಕೊಟ್ಟು ಬುಡಕ್ಕೆ ಮಣ್ಣು ಏರಿಸಿ. ಮುಂದಿನ ಸಲ ಕೊಳೆಯಲು ಸಮಯ ಬಿಟ್ಟು ಬಿತ್ತಿ. ದಂಟು ಮಾತ್ರ ಸುಡಬೇಡಿ.

ಹೊಳಲ್ಕೆರೆ: ಯೂರಿಯಾನೇ ವಿಷ. ಸಗಣಿ-ಗಂಜಲದ ಜೀವಾಮೃತ ಹಾಕಿ, ಸಾಕು.

ಹರಿಹರ: ಎಕರೆಗೆ 200 ಲೀಟರ್, ಅದರಲ್ಲಿ 10 ಕೆಜಿ ಸಗಣಿ. ಮೆಕ್ಕೆಜೋಳಕ್ಕೆ ಅದು ಎಲ್ಲಿ ಸಾಲುತ್ತೆ?

ಹೊಳಲ್ಕೆರೆ: ಅದು ಗೊಬ್ಬರ ಅಲ್ಲ ಅಣ್ಣ, ಮಣ್ಣಿನ ಜೀವಿಗಳಿಗೆ ಹೆಪ್ಪು.

ಹರಿಹರ: ಹೆಪ್ಪು ಹಾಕೋಕೆ ಮೊದಲು ಹಾಲು ಬೇಕಲ್ವಾ?

ಹೊಳಲ್ಕೆರೆ: ನಮ್ಮ ತೋಟಕ್ಕೆ ಬಂದು ನೋಡಿ, ಆಮೇಲೆ ಮಾತಾಡಿ.

ಜಗಳೂರು: ಮೇಡಂ, ಮಳೆ ಇಲ್ಲದೆ ಮೆಕ್ಕೆಜೋಳ ಬಾಡಿತ್ತು. ಯೂರಿಯಾ ಜಾಸ್ತಿನೇ ಹಾಕಿದ್ದೆವು. ಮೊನ್ನೆ ಮಳೆ ಬಂತು. ತೆನೆ ಕಟ್ಟಲ್ಲ ಅಂತ ನಿನ್ನೆಯಿಂದ ಹಸಿಯಾಗಿಯೇ ಕೊಯ್ದು ದನಕ್ಕೆ ಹಾಕ್ತಿದ್ದೇವೆ. ಒಂದು ಹಸು ಏದುಸಿರು ಬಿಡ್ತಿದೆ, ನಡುಗ್ತಿದೆ. ಗೊಬ್ಬರದಿಂದ ಹೀಗಾಗುತ್ತಾ?

ಹರಿಹರ: ಎಲ್ಲಾ ತೋಟ ನೋಡಿದ್ದೀನಿ ಸ್ವಾಮಿ.

ಮಣ್ಣು ತಜ್ಞೆ: ಇಬ್ಬರೂ ನಿಲ್ಲಿಸಿ. ಜಗಳೂರಿನವರೇ, ಮೊದಲು ಪಶು ವೈದ್ಯರಿಗೆ ಫೋನ್ ಮಾಡಿ. ನೈಟ್ರೇಟ್ ವಿಷ ಇರಬಹುದು ಅಂತ ಹೇಳಿ. ಆ ಮೇವನ್ನು ಎಲ್ಲಾ ದನಗಳ ಮುಂದಿನಿಂದಲೂ ತೆಗೆಯಿರಿ. ಹಸುವನ್ನು ನಡೆಸಬೇಡಿ. ಒಸಡು ನೀಲಿಗೋ ಕಂದಿಗೋ ತಿರುಗಿದೆಯಾ ನೋಡಿ, ಅದನ್ನೂ ವೈದ್ಯರಿಗೆ ಹೇಳಿ. ಇದಕ್ಕೆ ಮೆಥಿಲೀನ್ ಬ್ಲೂ ಅಂತ ಮದ್ದಿದೆ. ಅದನ್ನು ವೈದ್ಯರೇ ರಕ್ತನಾಳಕ್ಕೆ ಕೊಡಬೇಕು.

ಫೋನ್ ಮಾಡಿದ ಮೇಲೆ ಮುಂದಿನದು ಓದಿ. ಯೂರಿಯಾ ಮಣ್ಣಿನಲ್ಲಿ ಮೊದಲು ಅಮೋನಿಯಂ ಆಗುತ್ತದೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಮಾಡಿ, ಅಲ್ಲಿಂದ ನೈಟ್ರೇಟ್ ಮಾಡುತ್ತವೆ. ಒಣಮಣ್ಣಿನಲ್ಲಿ ಉಳಿದಿದ್ದ ನೈಟ್ರೇಟನ್ನು ಮಳೆ ಬಿದ್ದ ಕೂಡಲೇ ಬೇರು ಒಂದೇ ಸಲ ಎಳೆಯುತ್ತದೆ. ಚೆನ್ನಾಗಿರುವ ಗಿಡ ಅದನ್ನು ಪ್ರೋಟೀನ್ ಮಾಡಿಕೊಳ್ಳುತ್ತದೆ. ಬಾಡಿದ ಗಿಡಕ್ಕೆ ಅಷ್ಟು ಶಕ್ತಿ ಇರುವುದಿಲ್ಲ. ನೈಟ್ರೇಟ್ ದಂಟಿನ ಬುಡದಲ್ಲೇ ಉಳಿದುಬಿಡುತ್ತದೆ.

ದನದ ಹೊಟ್ಟೆಯಲ್ಲೂ ಸೂಕ್ಷ್ಮಜೀವಿಗಳಿವೆ. ಅವು ನೈಟ್ರೇಟನ್ನು ನೈಟ್ರೈಟ್ ಮಾಡಿ, ಆಮೇಲೆ ಅಮೋನಿಯಾ ಮಾಡುತ್ತವೆ. ಮೇವಿನಲ್ಲಿ ನೈಟ್ರೇಟ್ ಜಾಸ್ತಿ ಇದ್ದರೆ ಎರಡನೇ ಕೆಲಸ ಹಿಂದೆ ಬೀಳುತ್ತದೆ. ಉಳಿದ ನೈಟ್ರೈಟ್ ರಕ್ತಕ್ಕೆ ಸೇರುತ್ತದೆ. ಆ ರಕ್ತ ಆಮ್ಲಜನಕ ಹೊರಲಾರದು, ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ. ಮೇವು ಒಣಗಿಸಿದರೂ ನೈಟ್ರೇಟ್ ಹೋಗುವುದಿಲ್ಲ. ಸೈಲೇಜ್ (ಗಾಳಿಯಾಡದಂತೆ ಮುಚ್ಚಿ ಹುಳಿ ಬರಿಸಿದ ಹಸಿಮೇವು) ಮಾಡಿದರೆ ತಕ್ಕಮಟ್ಟಿಗೆ ಇಳಿಯುತ್ತದೆ, ಆದರೂ ಪರೀಕ್ಷೆ ಮಾಡಿಸದೆ ಹಾಕಬೇಡಿ.

ಹಿರಿಯೂರು: ಫಾರ್ವರ್ಡ್ ಬಂದಿದೆ ನೋಡಿ: ವಿಷದ ಮೇವು ತಿಂದ ದನಕ್ಕೆ ಎಣ್ಣೆ, ಬೆಲ್ಲದ ನೀರು ಕುಡಿಸಿದರೆ ಅರ್ಧ ಗಂಟೆಯಲ್ಲಿ ಎದ್ದು ನಿಲ್ಲುತ್ತದೆ.

ಮಣ್ಣು ತಜ್ಞೆ: ಏದುಸಿರು ಬಿಡುವ ದನದ ಬಾಯಿಗೆ ಏನನ್ನೂ ಸುರಿಯಬೇಡಿ. ಶ್ವಾಸಕೋಶಕ್ಕೆ ಹೋಗುತ್ತದೆ. ಇದನ್ನು ಈಗಲೇ ಅಳಿಸಿ.

ಹಿರಿಯೂರು: ಸುಮ್ನೆ ಒಳ್ಳೆಯದಾಗಲಿ ಅಂತ ಹಾಕಿದೆ ಮೇಡಂ.

ಮಣ್ಣು ತಜ್ಞೆ: ಯಾರೋ ನಂಬಿ ಕುಡಿಸುತ್ತಾರೆ. ಅಳಿಸಿ.

ಹೊಳಲ್ಕೆರೆ: ಯೂರಿಯಾ ವಿಷ ಅಂತ ನಾನು ಹೇಳಿದ್ದೆ ಅಲ್ವಾ?

ಮಣ್ಣು ತಜ್ಞೆ: ಸಗಣಿ ಗೊಬ್ಬರ ವಿಪರೀತ ಸುರಿದ ಹೊಲದ ಮೇವಿನಲ್ಲೂ ಇದು ಆಗುತ್ತದೆ. ಬೇರಿಗೆ ನೈಟ್ರೇಟ್ ಎಲ್ಲಿಂದ ಬಂದರೂ ಒಂದೇ.

ಹರಿಹರ: ಈಗ ಹೇಳಿ ಸ್ವಾಮಿ!

ಹೊಳಲ್ಕೆರೆ: ನಿಮ್ಮನ್ನು ಯಾರು ಕೇಳಿದರು?

ಮಲೇಬೆನ್ನೂರು: ಗದ್ದೆಯಲ್ಲಿ ನೀರು ನಿಂತಿದೆ. ಯೂರಿಯಾ ಎರಚಬಹುದಾ?

ಚನ್ನಗಿರಿ: ಅಡಿಕೆಗೆ ಮೈಕೊರೈಜಾ ಹಾಕಿದರೆ ಗಾಳಿಯ ಸಾರಜನಕ ಸಿಗುತ್ತಂತೆ, ನಿಜಾನಾ?

ಮಣ್ಣು ತಜ್ಞೆ: ಚನ್ನಗಿರಿಯವರೇ, ಇಲ್ಲ. ಮೈಕೊರೈಜಾ ಬೇರಿನ ಜೊತೆ ಬದುಕುವ ಶಿಲೀಂಧ್ರ. ಗಾಳಿಯಲ್ಲಿ ಶೇ 78ರಷ್ಟು ಸಾರಜನಕ ಇದ್ದರೂ ಅದನ್ನು ಹಿಡಿಯುವುದು ಬ್ಯಾಕ್ಟೀರಿಯಾದಂಥ ಕೆಲವು ಸೂಕ್ಷ್ಮಜೀವಿಗಳಿಗೆ ಮಾತ್ರ ಸಾಧ್ಯ, ಶಿಲೀಂಧ್ರಕ್ಕೆ ಆಗುವುದಿಲ್ಲ. ಮೈಕೊರೈಜಾ ಬೇರು ಮುಟ್ಟದ ಕಡೆಯಿಂದ ರಂಜಕ ತರುತ್ತದೆ. ಮಣ್ಣಿನಲ್ಲಿರುವ ಸಾರಜನಕವನ್ನೂ ಸ್ವಲ್ಪ ತರುತ್ತದೆ.

ಜಗಳೂರು: ಡಾಕ್ಟರ್ ಬಂದರು. ರಕ್ತ ಕಂದು ಇದೆ ಅಂದರು, ಇಂಜೆಕ್ಷನ್ ಕೊಟ್ಟಿದ್ದಾರೆ. ಉಳಿದ ದನಕ್ಕೆ ಇವತ್ತು ಏನು ಹಾಕಲಿ?

ಮಣ್ಣು ತಜ್ಞೆ: ಹಳೆಯ ರಾಗಿ ಹುಲ್ಲು ಇದ್ದರೆ ಅದನ್ನೇ ಹಾಕಿ. ನೀರು ಬೇಕಾದಷ್ಟು ಇಡಿ. ಪರೀಕ್ಷೆಗೆ ಮೇವು ಕೊಡುವಾಗ ದಂಟಿನ ಬುಡವನ್ನೂ ಸೇರಿಸಿ. ರಾತ್ರಿ ಬೇರೆ ಯಾವ ದನ ಏದುಸಿರು ಬಿಟ್ಟರೂ ಬೆಳಗಾಗಲಿ ಅಂತ ಕಾಯಬೇಡಿ.

ಹೊನ್ನಾಳಿ: ಯೂರಿಯಾ ಎಷ್ಟು ಚೀಲ ಅಂತ ಹೇಳಲೇ ಇಲ್ಲ.

ಮಣ್ಣು ತಜ್ಞೆ: ವರದಿ ಹಾಕಿ ಅಂದೆ.