ಅಪ್‌ಡೇಟ್: 40 ಕಂಪ್ಯೂಟರುಗಳ ವಿಂಡೋಸ್ 11 ಅಪ್‌ಗ್ರೇಡ್ ಅಡಚಣೆ ಬಗೆಹರಿಯಿತು

ನಾನು ಕೇಳಿದ್ದು ಇಷ್ಟು: 8ನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, 8 ಜಿಬಿ ರ್‍ಯಾಮ್ ಇದ್ದರೂ ವಿಂಡೋಸ್ 11ಕ್ಕೆ ಅರ್ಹವಲ್ಲ ಅಂತ ಯಾಕೆ ಬರುತ್ತಿದೆ? ಉತ್ತರಿಸಿದ ಎಲ್ಲರಿಗೂ ಧನ್ಯವಾದ, ನಿಮ್ಮ ಊಹೆಯೇ ಸರಿ. ಹೆಚ್ಚಿನವುಗಳ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಯಂತ್ರದ ಸೆಟ್ಟಿಂಗ್) ಇಂಟೆಲ್ ಪಿಟಿಟಿ (ಇಂಟೆಲ್ ಯಂತ್ರದಲ್ಲೇ ಅಡಕವಾದ ಟಿಪಿಎಂ) ಆಫ್ ಆಗಿತ್ತು, ಹಾಗಾಗಿ ವಿಂಡೋಸ್ 11 ಕೇಳುವ ಭದ್ರತಾ ಭಾಗವಾದ ಟಿಪಿಎಂ 2.0 ಕಾಣುತ್ತಿರಲಿಲ್ಲ. ಆನ್ ಮಾಡಿದ್ದೇ ಸಾಕಾಯಿತು.

ನಿಜವಾದ ತೊಡಕು ಲೆಗಸಿ ಬೂಟ್ (ಹಳೆಯ ವಿಧಾನದಲ್ಲಿ ಶುರುವಾಗುವ) ಯಂತ್ರಗಳದ್ದು. ಡಿಸ್ಕ್ ಇನ್ನೂ ಎಂಬಿಆರ್ (ಹಳೆಯ ವಿಂಗಡಣೆ ಕ್ರಮ) ಇರುವಾಗಲೇ ಬಯಾಸ್‌ನಲ್ಲಿ ಯುಇಎಫ್ಐ (ಹೊಸ ಬೂಟ್ ವಿಧಾನ) ಆರಿಸಿದರೆ ಬೂಟ್ ಆಗುವುದೇ ಇಲ್ಲ. ಮೊದಲು ಬ್ಯಾಕಪ್, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಎನ್‌ಕ್ರಿಪ್ಷನ್) ಇದ್ದರೆ ಸಸ್ಪೆಂಡ್. ಆಮೇಲೆ ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಂಬಿಆರ್ ಡಿಸ್ಕನ್ನು ಯುಇಎಫ್ಐಗೆ ಬೇಕಾದ ಜಿಪಿಟಿ ಕ್ರಮಕ್ಕೆ ಬದಲಿಸುವ ಎಂಬಿಆರ್2ಜಿಪಿಟಿ ಟೂಲನ್ನು ವ್ಯಾಲಿಡೇಟ್ (ಬರೀ ಪರೀಕ್ಷೆ), ಅಲೌಫುಲ್‌ಓಎಸ್ (ವಿಂಡೋಸ್ ಒಳಗಿಂದಲೇ ಓಡಿಸಲು) ಸ್ವಿಚ್‌ಗಳ ಜೊತೆ ಓಡಿಸಿ. ಪಾಸಾದರೆ ಮಾತ್ರ ವ್ಯಾಲಿಡೇಟ್ ಜಾಗದಲ್ಲಿ ಕನ್ವರ್ಟ್ ಹಾಕಿ. ಪ್ರೈಮರಿ ಪಾರ್ಟಿಷನ್ (ಡಿಸ್ಕ್‌ನ ಮುಖ್ಯ ಭಾಗ) ಮೂರಕ್ಕಿಂತ ಹೆಚ್ಚಿದ್ದರೆ, ಅಥವಾ ಎಕ್ಸ್‌ಟೆಂಡೆಡ್ ಪಾರ್ಟಿಷನ್ (ಒಳಗೆ ಮತ್ತೆ ಭಾಗ ಮಾಡಿದ್ದು) ಒಂದಿದ್ದರೂ ಈ ಟೂಲ್ ಒಪ್ಪುವುದಿಲ್ಲ. ಡಿ, ಇ, ಎಫ್ ಅಂತ ಕತ್ತರಿಸಿಟ್ಟ ಹಳೆಯ ಡಿಸ್ಕ್‌ಗಳು ಸಿಕ್ಕಿಬೀಳುವುದು ಇಲ್ಲೇ: ಡೇಟಾ ಸಾಗಿಸಿ ಆ ಪಾರ್ಟಿಷನ್ ಅಳಿಸಲೇಬೇಕು. ಕನ್ವರ್ಟ್ ಮುಗಿದ ತಕ್ಷಣದ ರೀಸ್ಟಾರ್ಟ್‌ನಲ್ಲೇ ಬಯಾಸ್‌ಗೆ ಹೋಗಿ ಯುಇಎಫ್ಐ, ಸೆಕ್ಯೂರ್ ಬೂಟ್ (ನಂಬಿಕಸ್ಥ ಸಾಫ್ಟ್‌ವೇರ್‌ನಿಂದ ಮಾತ್ರ ಬೂಟ್) ಆನ್ ಮಾಡಿ. ಬಿಟ್‌ಲಾಕರ್‌ನ ಹಳೆಯ ಪ್ರೊಟೆಕ್ಟರ್‌ಗಳನ್ನು (ಬೀಗ ತೆರೆಯುವ ಕೀಲಿಗಳು) ಅಳಿಸಿ ಹೊಸದಾಗಿ ಸೇರಿಸಿ. ಇದನ್ನು ದಯವಿಟ್ಟು ಮರೆಯಬೇಡಿ.

ಮೂರು ಯಂತ್ರಗಳ ಅಪ್‌ಗ್ರೇಡ್ ಮೊದಲು, ಒಂದು ವಾರ ಅವುಗಳಲ್ಲಿ ಪ್ರಿಂಟರ್, ಟ್ಯಾಲಿ (ಲೆಕ್ಕಪತ್ರ ಸಾಫ್ಟ್‌ವೇರ್), ನುಡಿ (ಕನ್ನಡ ಟೈಪಿಂಗ್ ಸಾಫ್ಟ್‌ವೇರ್) ಪರೀಕ್ಷೆ, ಆಮೇಲೆ ಉಳಿದವು. ಹಿಂದಿನ ಆವೃತ್ತಿಗೆ ಮರಳಲು ಸಿಗುವುದು 10 ದಿನ ಮಾತ್ರ. ಆ ಅವಧಿಯೊಳಗೇ ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಕಮಾಂಡ್‌ನಿಂದ 60 ದಿನದವರೆಗೆ ಹಿಗ್ಗಿಸಬಹುದು, ಆದರೆ ಅಷ್ಟು ದಿನ ಹಳೆಯ ವಿಂಡೋಸ್ ಇರುವ ವಿಂಡೋಸ್.ಓಲ್ಡ್ ಫೋಲ್ಡರ್ ಅಳಿಸುವಂತಿಲ್ಲ.