ನಿಂಬೆ ಡ್ರೆಸ್ಸಿಂಗ್ ಬೆಳಗಾಗುವಷ್ಟರಲ್ಲಿ ಹರಳು ಕಟ್ಟುತ್ತಿದೆ, ಜೊತೆಗೆ ಕಹಿ. ಎಲ್ಲಿ ತಪ್ಪಾಗುತ್ತಿದೆ?

ಮಳೆಮನೆ, ಹೊಸನಗರ (ಬುಧವಾರ ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅವಸರದಲ್ಲೇ ಕೇಳುತ್ತಿದ್ದೇನೆ. ಮಗಳು ರಜೆಗೆ ಬಂದಿದ್ದಾಳೆ. ಭಾನುವಾರ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ವಾಪಸ್. ಅಲ್ಲಿ ಪಿಜಿಯಲ್ಲಿ ರಾತ್ರಿ ಹೊತ್ತು ಸಲಾಡ್ ಮಾಡಿಕೊಂಡು ತಿನ್ನುತ್ತಾಳೆ. ಅಂಗಡಿಯ ಬಾಟಲಿ ಡ್ರೆಸ್ಸಿಂಗ್ ತೀರಾ ಸಿಹಿ, ಅದು ಅವಳಿಗೆ ಸೇರುವುದಿಲ್ಲ. "ಅಮ್ಮಾ, ನೀನೇ ಒಂದು ಬಾಟಲಿ ಮಾಡಿಕೊಡು" ಅಂದಿದ್ದಾಳೆ.

ನಾನು ಮಾಡುವುದು ಹೀಗೆ. 2 ನಿಂಬೆಹಣ್ಣಿನ ರಸ, 6 ದೊಡ್ಡ ಚಮಚ ಗಾಣದ ಕೊಬ್ಬರಿ ಎಣ್ಣೆ, 1 ಚಮಚ ತುಡುವೆ ಜೇನು, 1 ಚಮಚ ಸಾಸಿವೆ, 2 ಎಸಳು ಬೆಳ್ಳುಳ್ಳಿ, ಉಪ್ಪು, ಕಾಳುಮೆಣಸು. ಎಲ್ಲವನ್ನೂ ಮಿಕ್ಸಿಯ ಚಿಕ್ಕ ಜಾರಿಗೆ ಹಾಕಿ 2 ನಿಮಿಷ ತಿರುಗಿಸುತ್ತೇನೆ. ಆಗ ನೋಡಲು ಚೆನ್ನಾಗಿಯೇ ಇರುತ್ತದೆ, ಮಜ್ಜಿಗೆ ಹಾಗೆ ಬೆಳ್ಳಗೆ. ಅರ್ಧ ಗಂಟೆಗೆ ಎಣ್ಣೆ ಮೇಲೆ, ರಸ ಕೆಳಗೆ. ಬೆಳಿಗ್ಗೆ ನೋಡಿದರೆ ಮೇಲೆ ಬಿಳಿ ಹರಳು, ಚಮಚ ಕೂಡ ಇಳಿಯುವುದಿಲ್ಲ. ಹಾಲಿಗೆ ಹುಳಿ ಹಿಂಡಿದ ಹಾಗೆ ಎಣ್ಣೆಯೂ ಒಡೆಯುತ್ತದೆಯೇ? ಅಥವಾ ಎಣ್ಣೆಯಲ್ಲೇ ಏನಾದರೂ ಬೆರೆಸಿದ್ದಾರೆಯೇ? ಗಾಣದವರಿಗೆ ಫೋನ್ ಮಾಡಿ ಕೇಳಿಯೂ ಬಿಟ್ಟೆ. ಅವರಿಗೆ ಬೇಜಾರಾಯಿತು ಅನ್ನಿಸುತ್ತದೆ.

ಏಪ್ರಿಲ್‌ನಲ್ಲಿ ಇದೇ ಅಳತೆಯಲ್ಲಿ ಮಾಡಿದ್ದೆ. ಆಗ ಹರಳು ಕಟ್ಟಿರಲಿಲ್ಲ. ಕಹಿ ಮಾತ್ರ ಆಗಲೂ ಇತ್ತು. ಬಾಟಲಿ ಇಡುವುದು ಅಡುಗೆಮನೆ ಕಟ್ಟೆಯ ಮೇಲೆ. ಈ ಸಲದ್ದು ಮಾಡಿ 5 ದಿನ ಆಯಿತು.


ಕಾಯಿತುರಿ, ಸಾಗರ (ಬುಧವಾರ ಮಧ್ಯಾಹ್ನ)

ಮಿಕ್ಸಿ ಸಾಲದು ಅಷ್ಟೇ. 2 ನಿಮಿಷದ ಬದಲು 4 ನಿಮಿಷ ತಿರುಗಿಸಿ. ಚೆನ್ನಾಗಿ ಬೆರೆತರೆ ಬೇರೆಯಾಗುವುದಿಲ್ಲ.


ಮಳೆಮನೆ, ಹೊಸನಗರ (ಬುಧವಾರ ಸಂಜೆ)

ಮಾಡಿ ನೋಡಿದೆ ಅಕ್ಕ. ಜಾರು ಬಿಸಿಯಾಯಿತು. ಕಹಿ ಇನ್ನೂ ಜಾಸ್ತಿಯಾಯಿತು. ಬೇರೆಯಾಗುವುದಂತೂ ನಿಲ್ಲಲಿಲ್ಲ.


ತುಂಗಾತೀರ, ಶಿವಮೊಗ್ಗ (ಬುಧವಾರ ರಾತ್ರಿ)

ಎಲ್ಲಕ್ಕಿಂತ ಮೊದಲು ಒಂದು ವಿಷಯ. ಕಟ್ಟೆಯ ಮೇಲಿರುವ ಆ 5 ದಿನದ ಬಾಟಲಿಯನ್ನು ದಯವಿಟ್ಟು ಚೆಲ್ಲಿಬಿಡಿ. ರುಚಿ ನೋಡಲೂ ಹೋಗಬೇಡಿ. ಹಸಿ ಬೆಳ್ಳುಳ್ಳಿ ಮಣ್ಣಿನಲ್ಲಿ ಬೆಳೆಯುವುದು. ಬೊಟುಲಿಸಂ ಅನ್ನುವ, ಜೀವಕ್ಕೇ ಅಪಾಯವಾದ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಬೀಜಾಣು ಮಣ್ಣಿನಲ್ಲಿ ಇರುತ್ತದೆ. ಎಣ್ಣೆಯೊಳಗೆ ಗಾಳಿ ಇಲ್ಲ, ಅದಕ್ಕೆ ಬೇಕಾಗಿರುವುದೂ ಅದೇ. ಆ ವಿಷ ಸೇರಿದರೆ ವಾಸನೆಯಲ್ಲಾಗಲಿ ಬಣ್ಣದಲ್ಲಾಗಲಿ ಗೊತ್ತಾಗುವುದಿಲ್ಲ. ನಿಂಬೆಯ ಹುಳಿ ಇದ್ದರೆ ಅಪಾಯ ಕಡಿಮೆ, ನಿಜ. ಆದರೆ ಆ ಹುಳಿ ಸಾಕಷ್ಟಿದೆಯೇ ಅಂತ ಮನೆಯಲ್ಲಿ ಅಳೆಯುವುದು ಹೇಗೆ? ಬೆಳ್ಳುಳ್ಳಿ ಹಾಕಿದ್ದು ಫ್ರಿಜ್‌ನಲ್ಲೇ ಇರಲಿ, 3-4 ದಿನದಲ್ಲಿ ಮುಗಿಸಿ. ಮಗಳ ಬಾಟಲಿಗಂತೂ ಬೆಳ್ಳುಳ್ಳಿ ಬೇಡವೇ ಬೇಡ. ತಿನ್ನುವ ಹೊತ್ತಿಗೆ ಅವಳೇ ಒಂದು ಎಸಳು ಜಜ್ಜಿ ಹಾಕಿಕೊಳ್ಳಲಿ. ಪರಿಮಳವೂ ಹಾಗೆಯೇ ಚೆನ್ನ.

ಈಗ ಹರಳಿನ ವಿಷಯ. ನಿಮ್ಮ ಎಣ್ಣೆ ಒಡೆದಿಲ್ಲ, ಹೆಪ್ಪುಗಟ್ಟಿದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಏಪ್ರಿಲ್‌ನಲ್ಲಿ ನಿಮ್ಮ ಅಡುಗೆಮನೆ ಅಷ್ಟು ತಣ್ಣಗಾಗುವುದಿಲ್ಲ. ಡಿಸೆಂಬರ್ ಬೆಳಗಿನಲ್ಲಿ ಅದಕ್ಕಿಂತ ಎಷ್ಟೋ ಕೆಳಗೆ ಇಳಿಯುತ್ತದೆ. ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನು ಬಿಸಿಲಿಗೆ ಇಡುತ್ತೇವಲ್ಲ, ಅದೇ ಕಥೆ.

ಅನುಮಾನ ಉಳಿಯಬಾರದು ಅಂದರೆ ಹೀಗೆ ಮಾಡಿ. ಇವತ್ತು ರಾತ್ರಿ ಒಂದು ಬಟ್ಟಲಿಗೆ ಬರೀ ಎಣ್ಣೆ ಹಾಕಿ ಕಟ್ಟೆಯ ಮೇಲಿಡಿ. ನಿಂಬೆ, ಉಪ್ಪು ಏನೂ ಬೇಡ. ಬೆಳಿಗ್ಗೆ ಅದೂ ಗಟ್ಟಿಯಾಗಿದ್ದರೆ ನಿಂಬೆಯದು ತಪ್ಪಿಲ್ಲ. ಆಮೇಲೆ ಆ ಬಟ್ಟಲನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟು ನೋಡಿ.


ಹಳೇ ಭರಣಿ, ತೀರ್ಥಹಳ್ಳಿ (ಗುರುವಾರ ಬೆಳಿಗ್ಗೆ)

ತಂಗಿ, ಕಹಿ ಸಾಸಿವೆಯಿಂದಲೇ ಬಂದಿದ್ದು ಅಂತ ನನಗೆ ಅನ್ನಿಸುತ್ತದೆ. ನೀವು ಮನೆಯಲ್ಲಿ ಸೌತೆಕಾಯಿ ಸಾಸಿವೆ ಮಾಡುವಾಗ ಏನು ಮಾಡುತ್ತೀರಿ? ತೆಂಗಿನಕಾಯಿ ನುಣ್ಣಗಾದ ಮೇಲೆ ಕೊನೆಗೆ ಸಾಸಿವೆ ಹಾಕಿ ಎರಡು ಸುತ್ತು ತಿರುಗಿಸಿ ತೆಗೆಯುತ್ತೀರಿ, ಅಲ್ವಾ? ಜಾಸ್ತಿ ರುಬ್ಬಿದರೆ ಕಹಿ ಅಂತ ನಮ್ಮ ಅಮ್ಮ ಒರಳಿನ ಹತ್ತಿರ ಕೂತು ಹೇಳುತ್ತಿದ್ದರು. ಹೊಸ ಅಡುಗೆ ಮಾಡುವಾಗ ಹಳೇ ಬುದ್ಧಿಯನ್ನು ಬಿಟ್ಟುಬಿಡುತ್ತೇವೆ. ನಾನೂ ಬಿಟ್ಟಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ನಿಂಬೆ ಹಿಂಡಿದ ಮೇಲೆ ಸೋಸುತ್ತೀರಾ? ಒಂದು ಬೀಜ ಮಿಕ್ಸಿಗೆ ಸಿಕ್ಕಿದರೂ ಸಾಕು, ಇಡೀ ಜಾರು ಕಹಿ.


ಮಳೆಮನೆ, ಹೊಸನಗರ (ಗುರುವಾರ ಮಧ್ಯಾಹ್ನ)

ಬರೀ ಎಣ್ಣೆಯೂ ಕಲ್ಲಿನ ಹಾಗೆ ಗಟ್ಟಿಯಾಗಿತ್ತು! ಬೆಚ್ಚಗಿನ ನೀರಿನಲ್ಲಿ ಇಟ್ಟ ಸ್ವಲ್ಪ ಹೊತ್ತಿಗೇ ತಿಳಿಯಾಯಿತು. ಹಳೆಯ ಬಾಟಲಿ ಚೆಲ್ಲಿದೆ. ಬೆಳ್ಳುಳ್ಳಿ ವಿಷಯ ನನಗೆ ಗೊತ್ತೇ ಇರಲಿಲ್ಲ. ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್.

ನಿಂಬೆ ಸೋಸುತ್ತಿರಲಿಲ್ಲ. ಇವತ್ತು ಸೋಸಿದೆ. ಸಾಸಿವೆಯನ್ನು ಬೇರೆಯಾಗಿ ಪುಡಿ ಮಾಡಿ, ಚೆನ್ನಾಗಿ ನೆನೆಯಲಿ ಅಂತ ಬಿಸಿನೀರಿನಲ್ಲಿ ಕಲಸಿದೆ. ಕಹಿ ಕಡಿಮೆಯಾಯಿತು. ಆದರೆ ಘಾಟೇ ಇಲ್ಲ, ಸಪ್ಪೆ. ಮಗಳು ಒಂದು ಚಮಚ ನೋಡಿ ಮುಖ ಕಿವುಚಿದಳು.


ತುಂಗಾತೀರ, ಶಿವಮೊಗ್ಗ (ಗುರುವಾರ ರಾತ್ರಿ)

ಬಿಸಿನೀರಿನಿಂದಲೇ ಹಾಗಾಗಿದ್ದು. ಇಡೀ ಸಾಸಿವೆ ಕಾಳನ್ನು ಮೂಸಿದರೆ ಘಾಟು ಇರುವುದಿಲ್ಲ, ಗಮನಿಸಿದ್ದೀರಾ? ಅದರೊಳಗೆ ಎರಡು ವಸ್ತು ಬೇರೆ ಬೇರೆ ಕೋಣೆಯಲ್ಲಿ ಕೂತಿವೆ. ಒಂದು ಸಿನಿಗ್ರಿನ್, ಇನ್ನೊಂದು ಮೈರೋಸಿನೇಸ್ ಅನ್ನುವ ಕಿಣ್ವ. ಕಾಳು ಒಡೆದು ನೀರು ತಾಗಿದಾಗ ಎರಡೂ ಸೇರುತ್ತವೆ, ಆಗಲೇ ಮೂಗಿಗೆ ಏರುವ ಘಾಟು ಹುಟ್ಟುವುದು. ಬಿಸಿನೀರು ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಹುಳಿ ಹಾಕಿದರೂ ಅದರ ಕೆಲಸ ನಿಧಾನ. ಅದಕ್ಕೇ ಮೊದಲು ಬರೀ ತಣ್ಣೀರು, 10 ನಿಮಿಷ ಬಿಟ್ಟು ನಿಂಬೆ. ಆ 10 ನಿಮಿಷದಲ್ಲಿ ಘಾಟು ಏಳುತ್ತದೆ, ಮೊದಲಿನ ಕಹಿಯೂ ಇಳಿಯುತ್ತದೆ. ಆಮೇಲೆ ಬೀಳುವ ನಿಂಬೆ ಆ ಘಾಟನ್ನು ಹಿಡಿದಿಡುತ್ತದೆ.

ಈಗ ಬೇರೆಯಾಗುವ ವಿಷಯ. ಎಣ್ಣೆಗೂ ನೀರಿಗೂ ಆಗುವುದಿಲ್ಲ. ಎಷ್ಟು ತಿರುಗಿಸಿದರೂ ಹನಿಗಳು ಮತ್ತೆ ಒಂದಕ್ಕೊಂದು ಸೇರಿ ಮೇಲೆ ಬರುತ್ತವೆ. ಹನಿಗಳ ಮಧ್ಯೆ ನಿಲ್ಲುವವರು ಯಾರಾದರೂ ಬೇಕು. ಸಾಸಿವೆ ಸಿಪ್ಪೆಯಲ್ಲಿ ಒಂದು ಥರ ಅಂಟು ಇದೆ, ಆ ಕೆಲಸ ಮಾಡುವುದು ಅದು. ಜೇನು ರಸವನ್ನು ಮಂದ ಮಾಡಿ ಅದಕ್ಕೆ ಸಹಾಯ ಮಾಡುತ್ತದೆ. ಆದರೆ ಎಣ್ಣೆಯನ್ನು ಒಂದೇ ಸಲಕ್ಕೆ ಸುರಿದರೆ ಸಾಸಿವೆಗೆ ಅಷ್ಟನ್ನೂ ಹಿಡಿಯಲು ಆಗುವುದಿಲ್ಲ.

ಹಾಗಾಗಿ ಸಾಸಿವೆ ಪುಡಿ 1 ಚಿಕ್ಕ ಚಮಚ, ತಣ್ಣೀರು 2 ಚಿಕ್ಕ ಚಮಚ ಕಲಸಿ ಇಡಿ. 10 ನಿಮಿಷ ಆದ ಮೇಲೆ ಸೋಸಿದ ನಿಂಬೆರಸ 3 ದೊಡ್ಡ ಚಮಚ, ಉಪ್ಪು, ಜೇನು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ರಸದಲ್ಲೇ ಪೂರ್ತಿ ಕರಗಬೇಕು. ಎಣ್ಣೆ ಬಿದ್ದ ಮೇಲೆ ಉಪ್ಪು ಹಾಕಿದರೆ ಒಂದು ತುತ್ತು ಸಪ್ಪೆ, ಒಂದು ತುತ್ತು ಉಪ್ಪುಪ್ಪು. ಕೊನೆಗೆ 6 ದೊಡ್ಡ ಚಮಚ ಎಣ್ಣೆ. ಮೊದಲು ಹನಿ ಹನಿಯಾಗಿ, ರಸ ಮಂದವಾಗುತ್ತಾ ಬಂದ ಮೇಲೆ ಸಣ್ಣ ಧಾರೆಯಾಗಿ. ಮಿಕ್ಸಿ ಬೇಡ. ಚಿಕ್ಕ ಕಡೆಗೋಲು ಇದ್ದರೆ ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ.

ಎಣ್ಣೆ ಶೇಂಗಾದ್ದು ಅಥವಾ ಎಳ್ಳಿನದು ತಗೊಳ್ಳಿ. ಚಳಿಗಾಲದ ಅಡುಗೆಮನೆಯಲ್ಲಿ ಎರಡೂ ಗಟ್ಟಿಯಾಗುವುದಿಲ್ಲ. ಫ್ರಿಜ್‌ನಲ್ಲಿ ಶೇಂಗಾ ಎಣ್ಣೆ ಸ್ವಲ್ಪ ಮಬ್ಬಾಗಬಹುದು. ಹೊರಗೆ 10 ನಿಮಿಷ ಇಟ್ಟು ಅಲ್ಲಾಡಿಸಿದರೆ ಸರಿಹೋಗುತ್ತದೆ.

ಇಷ್ಟಾದರೂ ಒಂದೆರಡು ದಿನಕ್ಕೆ ಸ್ವಲ್ಪ ಬೇರೆಯಾಗಿಯೇ ಆಗುತ್ತದೆ. ಅದನ್ನು ಕೆಟ್ಟಿದ್ದು ಅಂತ ತಿಳಿಯಬೇಡಿ. ಬಾಟಲಿ ಪೂರ್ತಿ ತುಂಬಿಸಬೇಡಿ, ಮೇಲೆ ಕಾಲು ಭಾಗ ಖಾಲಿ ಇರಲಿ. ಅಲ್ಲಾಡಿಸಲು ಜಾಗ ಬೇಕು.


ಕಾಯಿತುರಿ, ಸಾಗರ (ಶುಕ್ರವಾರ ಬೆಳಿಗ್ಗೆ)

ಮಿಕ್ಸಿ ಜಾಸ್ತಿ ತಿರುಗಿಸಿ ಅಂತ ನಾನು ಹೇಳಿದ್ದು ತಪ್ಪಾಯಿತು, ಕ್ಷಮಿಸಿ. ನಮ್ಮ ಮನೆಯಲ್ಲಿ ಸಾಸಿವೆ ಹಾಕುವುದಿಲ್ಲ, ಹಾಗಾಗಿ ನನಗೆ ಕಹಿ ಬಂದೇ ಇರಲಿಲ್ಲ.

ನಾನು ಮಾಡುವುದು ಮುರುಗಲಿನದು (ಕೋಕಂ). 6-7 ಒಣ ಸಿಪ್ಪೆಯನ್ನು ಅರ್ಧ ಲೋಟ ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಕಿವುಚಿ ಸೋಸುವುದು. ಚೂರು ಬೆಲ್ಲ, ಉಪ್ಪು, ಕುಟ್ಟಿದ ಕಾಳುಮೆಣಸು, 2 ಚಮಚ ಎಳ್ಳೆಣ್ಣೆ. ಮೂಲಂಗಿ, ಕ್ಯಾರೆಟ್ ಮೇಲೆ ಹಾಕಿದರೆ ಬಣ್ಣವೇ ಒಂದು ಹಬ್ಬ. ಒಂದು ಎಚ್ಚರಿಕೆ, ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಪಾತ್ರೆಯಲ್ಲಿ ನೆನೆಸಬೇಡಿ. ಹುಳಿ ಯಾವುದೇ ಆಗಲಿ ಗಾಜು, ಸ್ಟೀಲ್ ಅಥವಾ ಪಿಂಗಾಣಿ.

ಎಣ್ಣೆ ಹೆಪ್ಪುಗಟ್ಟುವ ಮಾತು ಓದಿ ಉಪ್ಪಾಗೆ (ಮುರುಗಲಿನ ಜಾತಿಯ ಮರ) ತುಪ್ಪ ನೆನಪಾಯಿತು. ಅಜ್ಜಿ ಅದನ್ನು ಉಂಡೆ ಮಾಡಿ ಇಡುತ್ತಿದ್ದರು. ಬಿಸಿ ದೋಸೆಯ ಮೇಲೆ ಇಟ್ಟರೆ ಮಾತ್ರ ಕರಗುತ್ತಿತ್ತು. ಅದೂ ಒಂದು ಬೀಜದ ಎಣ್ಣೆಯೇ ಅಲ್ವಾ?


ಹಳೇ ಭರಣಿ, ತೀರ್ಥಹಳ್ಳಿ (ಶುಕ್ರವಾರ ಮಧ್ಯಾಹ್ನ)

ಅಪ್ಪೆಮಿಡಿ (ಉಪ್ಪಿನಕಾಯಿಯ ಎಳೆ ಮಾವು) ಉಪ್ಪಿಗೆ ಹಾಕಿದ ಭರಣಿ ಮನೆಯಲ್ಲಿ ಇದ್ದರೆ ಅದರ ನೀರು 1 ಚಮಚ ಈ ನಿಂಬೆರಸಕ್ಕೆ ಸೇರಿಸಿ. ಬೇರೆ ಉಪ್ಪು ಹಾಕಲೇಬೇಡಿ. ಸೊನೆಯ ಪರಿಮಳ ಆ ನೀರಿನಲ್ಲಿ ಇಳಿದಿರುತ್ತದೆ. ಮಿಡಿ ಖಾಲಿಯಾದ ಮೇಲೆ ಎಷ್ಟೋ ಜನ ಆ ನೀರನ್ನು ಸುಮ್ನೆ ಚೆಲ್ಲುತ್ತಾರೆ. ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಭರಣಿಗೆ ಒಣಗಿದ ಚಮಚವನ್ನೇ ಹಾಕಿ.

ಮಗಳಿಗೆ ಇದನ್ನೂ ಹೇಳಿ. ತರಕಾರಿ ತೊಳೆದು ಬಟ್ಟೆಯಲ್ಲಿ ಚೆನ್ನಾಗಿ ಒರೆಸಬೇಕು. ಒದ್ದೆ ಹೋಳುಗಳಿಗೆ ಡ್ರೆಸ್ಸಿಂಗ್ ಹತ್ತುವುದಿಲ್ಲ, ಎಲ್ಲಾ ತಟ್ಟೆಯ ತಳಕ್ಕೆ ಇಳಿಯುತ್ತದೆ. ಕೋಸಂಬರಿಗೆ ಉಪ್ಪನ್ನು ಕೊನೆಗೆ ಹಾಕುತ್ತೇವಲ್ಲ, ಇಲ್ಲಿಯೂ ಹಾಗೆಯೇ. ತಿನ್ನುವ ಮುಂಚೆ ಮಾತ್ರ ಕಲಸಬೇಕು. ಸೌತೆಕಾಯಿಯ ತೊಟ್ಟಿನ ಕಡೆ ಒಂದು ಬಿಲ್ಲೆ ಕತ್ತರಿಸಿ ರುಚಿ ನೋಡಲಿ. ಕಹಿ ಇದ್ದರೆ ಇನ್ನೊಂದು ಬಿಲ್ಲೆ ತೆಗೆಯಲಿ. ಪೂರ್ತಿ ಕಹಿ ಇದ್ದರೆ ಆ ಕಾಯಿ ಬೇಡ. ತುದಿ ಉಜ್ಜಿ ನೊರೆ ತೆಗೆಯುವುದನ್ನು ನಾನು ವರ್ಷಗಟ್ಟಲೆ ಮಾಡಿದ್ದೇನೆ. ಉಪಯೋಗ ಆಗಿದ್ದು ಕತ್ತರಿಸಿದ್ದರಿಂದಲೇ.


ಮಳೆಮನೆ, ಹೊಸನಗರ (ಶನಿವಾರ ಸಂಜೆ)

ಆಯಿತು! ಶೇಂಗಾ ಎಣ್ಣೆ, ತಣ್ಣೀರಿನ ಸಾಸಿವೆ, ಸೋಸಿದ ನಿಂಬೆ, ಕಡೆಗೋಲು. ಬೆಳಿಗ್ಗೆ 9ಕ್ಕೆ ಮಾಡಿದ್ದು, ಸಂಜೆ 6ಕ್ಕೂ ಮಂದವಾಗಿಯೇ ಇದೆ. ತಳದಲ್ಲಿ ಬೆರಳಿನ ದಪ್ಪದಷ್ಟು ರಸ ಇಳಿದಿತ್ತು, ಅಲ್ಲಾಡಿಸಿದರೆ ಸೇರಿತು. ಕಹಿ ಇಲ್ಲ. ಘಾಟು ಮೂಗಿನವರೆಗೆ ಬರುತ್ತದೆ, ಆದರೆ ಕಣ್ಣಲ್ಲಿ ನೀರು ಬರುವಷ್ಟಿಲ್ಲ. ಒಂದು ಪಾಲಿಗೆ ಮಿಡಿನೀರು ಹಾಕಿ ನೋಡಿದೆ. ಮಗಳು ಅದನ್ನೇ ಆರಿಸಿಕೊಂಡಳು, ಅನ್ನಕ್ಕೂ ಹಾಕಿಕೊಂಡು ತಿಂದಳು.

ಒಂದೇ ಪ್ರಶ್ನೆ ಉಳಿದಿದೆ. ಚಮಚದಲ್ಲಿ ನೋಡಿದಾಗ ತುಂಬಾ ಹುಳಿ ಅನ್ನಿಸಿತು. ಅದಕ್ಕೆ ಇನ್ನೂ 1 ಚಮಚ ಜೇನು ಹಾಕಲೇ? ಬಸ್ಸಿನಲ್ಲಿ ಇಡೀ ರಾತ್ರಿ ಹೊರಗೇ ಇರುತ್ತದೆ, ಪರವಾಗಿಲ್ಲವೇ?

ಗಾಣದವರಿಗೆ ಫೋನ್ ಮಾಡಿದೆ. ತಪ್ಪು ನನ್ನದೇ ಅಂತ ಹೇಳಿದೆ. "ಗಟ್ಟಿಯಾಗದಿದ್ದರೆ ಆಗ ಕೇಳಬೇಕಿತ್ತು ಅಮ್ಮಾ" ಅಂದರು. ಶೇಂಗಾ ಎಣ್ಣೆ ಅವರಲ್ಲೇ ತಂದಿದ್ದು.


ತುಂಗಾತೀರ, ಶಿವಮೊಗ್ಗ (ಶನಿವಾರ ರಾತ್ರಿ)

ಜೇನು ಹಾಕಬೇಡಿ. ಚಮಚದಲ್ಲಿ ನೋಡಬಾರದು, ಒಂದು ಸೌತೆ ಹೋಳನ್ನು ಅದ್ದಿ ನೋಡಿ. ತರಕಾರಿಗೆ ತನ್ನದೇ ನೀರಿದೆ, ಅದು ಹುಳಿಯನ್ನು ಇಳಿಸುತ್ತದೆ. ಹೋಳಿನ ಮೇಲೂ ಹುಳಿ ಅನ್ನಿಸಿದರೆ 1 ಚಮಚ ಎಣ್ಣೆ ಸೇರಿಸಿ ಕಡೆಯಿರಿ.

ಬೆಳ್ಳುಳ್ಳಿ ಇಲ್ಲದಿದ್ದರೆ ಈ ಚಳಿಯಲ್ಲಿ ಒಂದು ರಾತ್ರಿಗೆ ತೊಂದರೆ ಇಲ್ಲ. ಬಾಟಲಿ ಒಣಗಿರಲಿ, ಮುಚ್ಚಳ ಬಿಗಿಯಾಗಿರಲಿ, ಒಂದು ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ ಇಡಲಿ. ಬೆಳಿಗ್ಗೆ ತಲುಪಿದ ಕೂಡಲೇ ಫ್ರಿಜ್‌ಗೆ. ಒಂದು ವಾರದಲ್ಲಿ ಮುಗಿಸಲಿ.


ಮಳೆಮನೆ, ಹೊಸನಗರ (ಸೋಮವಾರ ಬೆಳಿಗ್ಗೆ)

ತಲುಪಿದಳು. ಚೆಲ್ಲಿಲ್ಲ, ಹರಳೂ ಇಲ್ಲ. ಪಿಜಿಯ ಫ್ರಿಜ್‌ನಲ್ಲಿ ಇಟ್ಟಿದ್ದಾಳೆ. ಬಾಟಲಿಯ ಮೇಲೆ ತಾರೀಕು ಬರೆದ ಚೀಟಿ ಅಂಟಿಸಿ ಫೋಟೋ ಕಳಿಸಿದ್ದಾಳೆ.