ಎಡಗಾಲಿಗೆ ಬಲವಿಲ್ಲ, ವಯಸ್ಸು 63: ಹೊಸ ಸ್ಕೂಟರೋ, ಹಳೆಯ ಬೈಕೋ?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ಎರಡನೆಯ ವಯಸ್ಸಿನಲ್ಲಿ ಪೋಲಿಯೋ ಬಂದು ನನ್ನ ಎಡಗಾಲು ಸೊರಗಿದೆ. ನಡೆಯುವಾಗ ತೊಡೆಯ ಮೇಲೆ ಕೈಯೂರಿಕೊಳ್ಳಬೇಕು. ಆದರೂ ಮೂವತ್ತು ವರ್ಷಗಳಿಂದ ಗೇರಿನ ಬೈಕನ್ನೇ ಓಡಿಸುತ್ತ ಬಂದಿದ್ದೇನೆ. ಈಗಿರುವ ಸ್ಪ್ಲೆಂಡರ್‌ನಲ್ಲಿ ನಾಲ್ಕೂ ಗೇರುಗಳು ಮುಂಗಾಲಿನಿಂದ ಒತ್ತಿದರೆ ಬೀಳುತ್ತವೆ, ಹಿಮ್ಮಡಿಯಿಂದ ಒತ್ತಿದರೆ ಇಳಿಯುತ್ತವೆ. ಪಾದವನ್ನು ಮೇಲೆತ್ತುವ ಅಗತ್ಯವೇ ಇಲ್ಲದ್ದರಿಂದ ಇಷ್ಟು ಕಾಲ ನಡೆಯಿತು.

ಕಳೆದ ಮಳೆಗಾಲದಲ್ಲಿ ಸೊಸೈಟಿಯ ಮುಂದೆ ಜಲ್ಲಿಯ ಮೇಲೆ ಗಾಡಿ ನಿಲ್ಲಿಸಲು ಎಡಗಾಲೂರಿದೆ, ಮಂಡಿ ಮಡಚಿತು, ಬೈಕು ಮಲಗಿತು. ಪೆಟ್ಟಾಗಲಿಲ್ಲ. ಆದರೆ ಅದನ್ನೆತ್ತಲು ಇಬ್ಬರು ಬರುವವರೆಗೆ ನೆಲದ ಮೇಲೆಯೇ ಕುಳಿತಿರಬೇಕಾಯಿತು. ಅಂದಿನಿಂದ, ನಿಲ್ಲಿಸಬೇಕಾದ ಜಾಗ ದೂರದಲ್ಲಿ ಕಂಡರೂ ಎದೆ ಹೊಡೆದುಕೊಳ್ಳುತ್ತದೆ.

ಬೈಕಿಗೆ ಹದಿನಾಲ್ಕು ವರ್ಷವಾಗಿದ್ದು, ನೋಂದಣಿಯ ಅವಧಿ ಬರುವ ವರ್ಷ ಮುಗಿಯುತ್ತದೆ. ಅಣ್ಣನ ಮಗ ತನ್ನ ಹಳೆಯ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕನ್ನು ಕಡಿಮೆ ಬೆಲೆಗೆ ಕೊಡುತ್ತೇನೆ, ಭಾರದ ಗಾಡಿ ರಸ್ತೆಯಲ್ಲಿ ಕದಲುವುದಿಲ್ಲ ಎನ್ನುತ್ತಾನೆ. ಶಿವಮೊಗ್ಗದಲ್ಲಿ ಸೈಡ್ ವೀಲ್ (ಹಿಂಚಕ್ರದ ಎರಡೂ ಪಕ್ಕಕ್ಕೆ ಕೂರಿಸುವ ಆಸರೆಯ ಚಕ್ರ) ಹಾಕಿದ ಹಳೆಯ ಸ್ಕೂಟರ್ ಒಂದು ಮಾರಾಟಕ್ಕಿದೆ. ಹೊಸ ಸ್ಕೂಟರ್ ಕೊಂಡು ಅದಕ್ಕೆ ಸೈಡ್ ವೀಲ್ ಹಾಕಿಸುವುದು ಮೂರನೆಯ ದಾರಿ. ಬೈಕು ಬಿಡಲು ಮನಸ್ಸು ಒಪ್ಪುತ್ತಿಲ್ಲ ಎಂಬುದನ್ನೂ ಮುಚ್ಚಿಡುವುದಿಲ್ಲ. ಅನುಭವವಿದ್ದವರು ದಾರಿ ತೋರಿಸಬೇಕೆಂದು ವಿನಂತಿ.

ಮೊದಲ ಉತ್ತರ (ಹಾಸನದಿಂದ)

ಸರ್, ನನಗೂ ಪೋಲಿಯೋ. ಒಂಬತ್ತು ವರ್ಷದಿಂದ ಸೈಡ್ ವೀಲ್ ಸ್ಕೂಟರಿನಲ್ಲಿ ಕಚೇರಿಗೆ ಹೋಗಿಬರುತ್ತಿದ್ದೇನೆ. ಕ್ಲಾಸಿಕ್ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ. ಓಡುವ ಗಾಡಿಯನ್ನು ಅದರ ವೇಗವೇ ಹಿಡಿದು ನಿಲ್ಲಿಸುತ್ತದೆ, ನಿಂತ ಗಾಡಿಯನ್ನು ನಿಮ್ಮ ಕಾಲು ಹಿಡಿಯಬೇಕು. ನಿಮ್ಮ ಸ್ಪ್ಲೆಂಡರ್ ಸುಮಾರು 112 ಕಿಲೋ, ಕ್ಲಾಸಿಕ್ ಸುಮಾರು 195 ಕಿಲೋ. 112 ಕಿಲೋಗೇ ಮಡಚಿದ ಮಂಡಿ 195 ಕಿಲೋವನ್ನು ಹೇಗೆ ತಡೆದೀತು?

ಆದರೆ ಸೈಡ್ ವೀಲ್ ಹಾಕಿಸಿದ ಮಾತ್ರಕ್ಕೆ ಎಲ್ಲವೂ ಸುಲಭವಾಗುತ್ತದೆಂದು ತಿಳಿಯಬೇಡಿ. ಬೈಕಿನಂತೆ ಅದು ತಿರುವಿನಲ್ಲಿ ವಾಲುವುದಿಲ್ಲ. ಆಟೋ ತಿರುಗಿಸಿದಂತೆ ಹ್ಯಾಂಡಲನ್ನೇ ತಿರುಗಿಸಬೇಕು, ಮೂವತ್ತು ವರ್ಷ ಬೈಕು ಓಡಿಸಿದ ಮೈ ಅದನ್ನು ಒಪ್ಪಲು ವಾರಗಳೇ ಬೇಕು. ತಿರುವಿಗೆ ಮುಂಚೆಯೇ ವೇಗ ಇಳಿಸದಿದ್ದರೆ ಒಳಬದಿಯ ಚಕ್ರ ನೆಲ ಬಿಡುತ್ತದೆ, ನಿಮ್ಮ ಘಟ್ಟದ ಕಡೆ ಇದನ್ನು ಮರೆಯಲೇಬಾರದು. ರಸ್ತೆ ಎಡಕ್ಕೆ ಇಳಿಜಾರಾಗಿದ್ದರೆ ಹ್ಯಾಂಡಲು ಉದ್ದಕ್ಕೂ ಎಡಕ್ಕೇ ಎಳೆಯುತ್ತದೆ. ಇನ್ನೊಂದು ತೊಂದರೆ ಯಾರೂ ಮೊದಲೇ ಹೇಳುವುದಿಲ್ಲ. ಒಮ್ಮೆ ಮಣ್ಣುರಸ್ತೆಯಲ್ಲಿ ಎರಡು ಪಕ್ಕದ ಚಕ್ರಗಳೂ ದಿಬ್ಬದ ಮೇಲೆ ಕುಳಿತು, ನಡುವಿನ ಹಿಂಚಕ್ರ ತಗ್ಗಿನ ಮೇಲೆ ತೂಗಿ ಗರಗರ ತಿರುಗುತ್ತಿತ್ತೇ ಹೊರತು ಗಾಡಿ ಒಂದು ಅಂಗುಲವೂ ಮುಂದೆ ಹೋಗಲಿಲ್ಲ. ನಿಮ್ಮ ಮನೆಯಿಂದ ಡಾಂಬರು ರಸ್ತೆಯವರೆಗಿನ ದಾರಿ ಹೇಗಿದೆಯೆಂದು ನೋಡಿಕೊಂಡೇ ತೀರ್ಮಾನಿಸಿ.

ಎರಡನೆಯ ಉತ್ತರ (ದಾವಣಗೆರೆಯ ಮೆಕ್ಯಾನಿಕ್)

ಹಿರಿಯರೇ, ನಾನು ಸೈಡ್ ವೀಲ್ ಕೂರಿಸುವ ಕೆಲಸ ಮಾಡುತ್ತೇನೆ. ಶಿವಮೊಗ್ಗದ ಗಾಡಿ ನೋಡಲು ಹೋದರೆ ಟಾರ್ಚ್ ಜೊತೆಗಿರಲಿ. ಹಿಂಬದಿಯ ಬ್ರಾಕೆಟ್ ಚಾಸಿಗೆ ಸೇರುವ ಜಾಗದ ವೆಲ್ಡಿಂಗ್ ಮೇಲೆ ಬೆರಳಾಡಿಸಿ; ಬಣ್ಣದಡಿಯಲ್ಲಿ ಕೂದಲೆಳೆಯಷ್ಟು ತೆಳುವಾದ, ತುಕ್ಕಿನ ಬಣ್ಣದ ಗೆರೆ ಕಂಡರೆ ಅದು ಬಿರುಕು, ಆ ಗಾಡಿ ಬೇಡ. ಪಕ್ಕದ ಟೈರುಗಳಲ್ಲಿ ಒಂದು ಮಾತ್ರ ಹೆಚ್ಚು ಸವೆದಿದ್ದರೆ ಅಲೈನ್‌ಮೆಂಟ್ ಹೋಗಿದೆಯೆಂದೇ ಅರ್ಥ. ಅದನ್ನು ಬೇರೊಬ್ಬರ ತೂಕಕ್ಕೆ, ಬೇರೊಬ್ಬರ ಕಾಲಿಗೆ ಹೊಂದಿಸಿದ್ದಾರೆಂಬುದೂ ನೆನಪಿರಲಿ.

ನನ್ನನ್ನು ಕೇಳಿದರೆ ಹೊಸ ಗಾಡಿಯೇ ಸರಿ. ಗೇರಿಲ್ಲದ ಸ್ಕೂಟರಿನಲ್ಲಿ ಎರಡು ಬ್ರೇಕೂ ಕೈಯಲ್ಲೇ ಇರುತ್ತವೆ. 125 ಸಿಸಿವರೆಗಿನ ಗಾಡಿಗಳಿಗೆ 2019ರ ಏಪ್ರಿಲ್‌ನಿಂದ ಸಿಬಿಎಸ್ (ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಹಾಕುವ ವ್ಯವಸ್ಥೆ) ಕಡ್ಡಾಯವಾದ್ದರಿಂದ ಎಡಗೈ ಬ್ರೇಕ್ ಹಿಡಿದರೆ ಮುಂದಿನ ಚಕ್ರಕ್ಕೂ ಬ್ರೇಕ್ ಬೀಳುತ್ತದೆ. ಟಿವಿಎಸ್ ಐಕ್ಯೂಬ್, ಏಥರ್, ಈಗಿನ ಎಲೆಕ್ಟ್ರಿಕ್ ಚೇತಕ್‌ಗಳಲ್ಲಿ ಹಿಂದಕ್ಕೆ ಚಲಿಸುವ ಸೌಲಭ್ಯವೂ ಇದೆ. ಕಾಲಿನಿಂದ ಗಾಡಿ ಹಿಂದಕ್ಕೆ ತಳ್ಳಲಾಗದವರಿಗೆ ಅದರ ಬೆಲೆ ಗೊತ್ತು. ಆದರೆ ಸೈಡ್ ವೀಲಿನ ಕಿಟ್ ಆ ಮಾದರಿಗೆ ಅನುಮೋದನೆ ಪಡೆದದ್ದೇ ಎಂದು ಗಾಡಿಯ ದುಡ್ಡು ಕಟ್ಟುವ ಮೊದಲೇ ವಿಚಾರಿಸಿ.

ಮೂರನೆಯ ಉತ್ತರ (ಮೈಸೂರಿನಿಂದ)

ಕಾಗದಪತ್ರಗಳ ಬಗ್ಗೆ ಸ್ವಲ್ಪ ಹೇಳುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಅಂಗವಿಕಲರ ಬಳಕೆಗಾಗಿ ಗಾಡಿಯನ್ನು ಮಾರ್ಪಡಿಸಲು ಅವಕಾಶವಿದೆ, ಆದರೆ ಅದು ಆರ್‌ಸಿಯಲ್ಲಿ ‘ಅಡಾಪ್ಟೆಡ್ ವೆಹಿಕಲ್’ ಎಂದು ದಾಖಲಾಗಬೇಕು. ಮಾರಾಟಕ್ಕಿರುವ ಎಷ್ಟೋ ಹಳೆಯ ಗಾಡಿಗಳಲ್ಲಿ ಚಕ್ರ ಇರುತ್ತದೆ, ದಾಖಲೆ ಇರುವುದಿಲ್ಲ. ಅಪಘಾತವಾದಾಗ ವಿಮೆಯವರು ಮೊದಲು ಎತ್ತುವ ತಕರಾರೇ ಅದು. ಹಳೆಯದನ್ನೇ ಕೊಂಡರೆ ಮಾಲೀಕತ್ವದ ವರ್ಗಾವಣೆಗೆ ಫಾರ್ಮ್ 29 ಮತ್ತು 30 ಸಲ್ಲಿಸಿ, ಹದಿನಾಲ್ಕು ದಿನದೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಕೊಡಿ. ನಿಮ್ಮ ಲೈಸೆನ್ಸಿನಲ್ಲಿ ಈ ವರ್ಗದ ಗಾಡಿ ನಮೂದಾಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ನಿಮ್ಮ ವಯಸ್ಸಿಗೆ ಅದು ಒಮ್ಮೆಗೆ ಐದು ವರ್ಷಕ್ಕೆ ಮಾತ್ರ ನವೀಕರಣವಾಗುತ್ತದೆ, ಫಾರ್ಮ್ 1ಎ ವೈದ್ಯಕೀಯ ಪ್ರಮಾಣಪತ್ರವೂ ಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಕ್ಲಾಸಿಕ್ ಬೇಡವೆಂದು ಅಣ್ಣನ ಮಗನಿಗೆ ಹೇಳಿಬಿಟ್ಟೆ. ನಿನ್ನೆ ಹಾಸನದವರ ಮಾತಿನಂತೆ ಗೇಟಿನಿಂದ ಡಾಂಬರಿನವರೆಗೆ ಟೇಪು ಹಿಡಿಸಿದೆ: ಅರವತ್ತು ಅಡಿ ಮಣ್ಣುದಾರಿ, ನಡುವೆ ಮಳೆನೀರು ಕೊರೆದ ಒಂದು ಗೇಣು ಆಳದ ಕೊರಕಲು. ಅದನ್ನು ತುಂಬಿಸಿ ಗಟ್ಟಿ ಮಾಡಿಸುವ ಖರ್ಚನ್ನೂ ಗಾಡಿಯ ಲೆಕ್ಕಕ್ಕೆ ಸೇರಿಸಿದ್ದೇನೆ. ದಾವಣಗೆರೆಯವರೇ, ಹೊಸ ಗಾಡಿ ಗೊತ್ತುಮಾಡುವ ಮೊದಲು, ನೀವು ಚಕ್ರ ಕೂರಿಸಿಕೊಟ್ಟ ಯಾವುದಾದರೂ ಸ್ಕೂಟರನ್ನು ಅರ್ಧ ಗಂಟೆ ಓಡಿಸಿ ನೋಡಲು ಅನುಕೂಲ ಮಾಡಿಕೊಡುವಿರಾ? ನೀವು ಹೇಳಿದ ದಿನ ಬರುತ್ತೇನೆ.